ಮದುವೆ ಗೊತ್ತಾದ ಹುಡುಗಿ, ವಾಲ್ಪ್ರೊಯೇಟ್ 1000 ಮಿ.ಗ್ರಾಂ: ಆಟಿಸಂ ಭಯ ಎಷ್ಟು ನಿಜ, ಮಾತ್ರೆ ಬದಲಿಸುವುದು ಹೇಗೆ?

ಪಿಎಚ್‌ಸಿ_ರಾತ್ರಿಪಾಳಿ ಕೇಳಿದ್ದು:

ಹುಡುಗಿಗೆ 23 ವರ್ಷ, ತೂಕ 52 ಕೆ.ಜಿ. ಹದಿನಾರನೇ ವಯಸ್ಸಿನಿಂದ ಜೆಎಂಇ (ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ, ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆರೋಗ). ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಕೈ ಎಗರುತ್ತದೆ, ಬ್ರಷ್ಷೋ ಕಾಫಿ ಲೋಟವೋ ಚಿಮ್ಮಿ ಬೀಳುತ್ತದೆ. ನಿದ್ದೆಗೆಟ್ಟ ಮರುದಿನ ಒಟ್ಟು ಮೂರು ಸಲ ದೊಡ್ಡ ಫಿಟ್ಸ್ ಆಗಿದೆ. ಫಿಟ್ಸ್ ತಡೆಯುವ ಕ್ರೋನೋ (ದಿನವಿಡೀ ನಿಧಾನವಾಗಿ ಬಿಡುವ) ವಾಲ್ಪ್ರೊಯೇಟ್ 500 ಬೆಳಿಗ್ಗೆ-ರಾತ್ರಿ ಶುರು ಮಾಡಿದ ಮೇಲೆ ಮೂರು ವರ್ಷದಿಂದ ಏನೂ ಇಲ್ಲ. ಎಂಟು ತಿಂಗಳಿಗೆ ಮದುವೆ.

ಮನೆಯವರು ಯಾವುದೋ ವಿಡಿಯೋ ನೋಡಿ, ಈ ಮಾತ್ರೆ ತಿಂದರೆ ಹುಟ್ಟುವ ಮಗುವಿಗೆ ಆಟಿಸಂ ಬರುತ್ತದಂತೆ, ನಾಳೆಯಿಂದಲೇ ನಿಲ್ಲಿಸಿಬಿಡೋಣ ಅನ್ನುತ್ತಿದ್ದಾರೆ. ಅದೇ ವಿಡಿಯೋದಲ್ಲಿ ಪ್ಯಾರಾಸಿಟಮಾಲ್ ಹೆಸರೂ ಇದೆ, ಎರಡಕ್ಕೂ ಒಂದೇ ತೂಕ. ನಮ್ಮ ಕೇಂದ್ರದಲ್ಲಿ ಫೆನಿಟೋಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಸಿಗುತ್ತವೆ. ಲೆವೆಟಿರಾಸೆಟಮ್ ಬೇಕಾದರೆ ಜಿಲ್ಲಾ ಆಸ್ಪತ್ರೆಯಿಂದ ಬರೆಸಬೇಕು.

ಕೇಳಬೇಕಾದದ್ದು ಇಷ್ಟು. ಆಟಿಸಂ ಅಪಾಯದ ಲೆಕ್ಕ ನಿಜಕ್ಕೂ ಎಷ್ಟು? ಅದು ಮಾತ್ರೆಯಿಂದಲೋ, ತಾಯಿಯ ಮೂರ್ಛೆರೋಗದಿಂದಲೋ? ಬದಲಿಸುವುದಾದರೆ ಯಾವುದಕ್ಕೆ, ಎಷ್ಟು ವಾರದಲ್ಲಿ? ನರತಜ್ಞರಿಗೆ ಕಳಿಸುವುದು ಖಂಡಿತ, ಆದರೆ ವಾರವಾರ ನೋಡಿಕೊಳ್ಳಬೇಕಾದವರು ನಾವೇ.

ಇಇಜಿ_ಕಾಗದ (ನರರೋಗ ವಿಭಾಗ):

ಮೊದಲು ಮನೆಯವರಿಗೆ ಒಂದು ಮಾತು ಹೇಳಿ: ನಾಳೆ ನಿಲ್ಲಿಸಬೇಡಿ. ಜೆಎಂಇಯಲ್ಲಿ ವಾಲ್ಪ್ರೊಯೇಟ್ ದಿಢೀರ್ ಬಿಟ್ಟರೆ ಮೊದಲ ಒಂದೆರಡು ವಾರದಲ್ಲೇ ಫಿಟ್ಸ್ ಮರಳುವುದು ಸಾಮಾನ್ಯ. ಒಂದರ ಹಿಂದೆ ಒಂದು ನಿಲ್ಲದೆ ಬಂದರೆ ಜೀವಕ್ಕೇ ಅಪಾಯ. ವಿಡಿಯೋದವರು ಈ ಅರ್ಧ ಹೇಳುವುದಿಲ್ಲ.

ಎಂಟು ತಿಂಗಳು ಸಾಕು, ಆದರೆ ಇವತ್ತೇ ಶುರು ಮಾಡಿದರೆ ಮಾತ್ರ. ಸಾಮಾನ್ಯವಾಗಿ ಹಾಕುವ ಲೆಕ್ಕ ಹೀಗೆ. ವಾಲ್ಪ್ರೊಯೇಟ್ ಮುಟ್ಟದೆ ಲೆವೆಟಿರಾಸೆಟಮ್ 250 ಬೆಳಿಗ್ಗೆ-ರಾತ್ರಿ ಒಂದು ವಾರ, ಆಮೇಲೆ 500 ಬೆಳಿಗ್ಗೆ-ರಾತ್ರಿ ಎರಡು ವಾರ, ನಾಲ್ಕನೇ ವಾರದಿಂದ 750 ಬೆಳಿಗ್ಗೆ-ರಾತ್ರಿ. ಅಲ್ಲಿ ನಾಲ್ಕು ವಾರ ನಿಂತು ನೋಡಿ. ಕೈ ಎಗರುವುದು ಇಲ್ಲವೆಂದಾದರೆ ವಾಲ್ಪ್ರೊಯೇಟನ್ನು ಎರಡು ವಾರಕ್ಕೊಮ್ಮೆ 200 ಇಳಿಸಿ: 1000, 800, 600, 400, 200, ಸೊನ್ನೆ. ಇದಕ್ಕೆ ಹತ್ತು ವಾರ. ಎಲ್ಲ ಸೇರಿ ಹದಿನೇಳು ವಾರ, ಅಂದರೆ ಸುಮಾರು ನಾಲ್ಕು ತಿಂಗಳು. ಉಳಿದ ನಾಲ್ಕು ತಿಂಗಳು ಹೊಸ ಮಾತ್ರೆಯೊಂದರಲ್ಲೇ ಅವಳು ಹೇಗಿರುತ್ತಾಳೆ ಎಂದು ನೋಡಲು. ಈ ಕಾಯುವ ಕಾಲವನ್ನು ಕತ್ತರಿಸಬೇಡಿ. ಬಸಿರಾದ ಮೇಲೆ ‘ಇದು ಹಿಡಿಯಲಿಲ್ಲ’ ಎಂದು ಗೊತ್ತಾದರೆ ಕೈಯಲ್ಲಿ ಒಳ್ಳೆಯ ದಾರಿ ಯಾವುದೂ ಉಳಿದಿರುವುದಿಲ್ಲ.

ಎಲ್ಲಿ ಎಡವುತ್ತಾರೆ ಅಂದರೆ, ಹೊಸದು ಇನ್ನೂ 250ರಲ್ಲಿರುವಾಗಲೇ ಹಳೆಯದನ್ನು ಅರ್ಧ ಮಾಡಿಬಿಡುತ್ತಾರೆ. ಇಳಿಸುವ ಹೊತ್ತಿನಲ್ಲಿ ಬೆಳಗಿನ ಎಗರು ಮರಳಿದರೆ ಒಂದು ಮೆಟ್ಟಿಲು ಹಿಂದೆ ಹೋಗಿ ನಿಲ್ಲಿ, ಲೆವೆಯನ್ನು (ಲೆವೆಟಿರಾಸೆಟಮ್) 1000 ಬೆಳಿಗ್ಗೆ-ರಾತ್ರಿಗೆ ಏರಿಸಬಹುದು. ಕೆಲವರು ಈ ಹತ್ತು ವಾರಕ್ಕೆ ರಾತ್ರಿ ಕ್ಲೋಬಜಾಮ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆ 5ರಿಂದ 10 ಮಿ.ಗ್ರಾಂ ಸೇರಿಸಿ, ಆಮೇಲೆ ತೆಗೆಯುತ್ತಾರೆ.

ಲೆವೆಯ ಮುಖ್ಯ ತೊಂದರೆ ಸಿಡುಕು ಮತ್ತು ಮಂಕು. ಅವಳನ್ನು ಕೇಳಿದರೆ ‘ಏನಿಲ್ಲ’ ಅನ್ನುತ್ತಾಳೆ, ಅಮ್ಮನನ್ನೂ ಕೇಳಿ. ತಡೆಯಲಾಗದಷ್ಟಿದ್ದರೆ ಲ್ಯಾಮೊಟ್ರಿಜಿನ್. ಆದರೆ ವಾಲ್ಪ್ರೊಯೇಟ್ ಜೊತೆಯಲ್ಲಿರುವಾಗ ಅದರ ರಕ್ತಮಟ್ಟ ಎರಡು ಪಟ್ಟಾಗುತ್ತದೆ. ಅದಕ್ಕೇ ಅಷ್ಟು ನಿಧಾನ: 25 ಮಿ.ಗ್ರಾಂ ದಿನ ಬಿಟ್ಟು ದಿನ ಎರಡು ವಾರ, 25 ಮಿ.ಗ್ರಾಂ ದಿನಾ ಎರಡು ವಾರ, ಆಮೇಲೆ ಒಂದೆರಡು ವಾರಕ್ಕೊಮ್ಮೆ 25 ಏರಿಸುತ್ತ ಹೋಗುವುದು. ಓಡಿದರೆ ಸ್ಟೀವನ್ಸ್-ಜಾನ್ಸನ್ (ಚರ್ಮ ಸುಲಿದು ಜೀವಕ್ಕೇ ಕುತ್ತಾಗುವ ಪ್ರತಿಕ್ರಿಯೆ) ಬರುವ ಅಪಾಯ. ಮೈಮೇಲೆ ದದ್ದು, ಜ್ವರ, ಬಾಯೊಳಗೆ ಹುಣ್ಣು, ಕಣ್ಣು ಕೆಂಪು ಯಾವುದು ಕಂಡರೂ ಆ ದಿನದ ಲ್ಯಾಮೊಟ್ರಿಜಿನ್ ನುಂಗದೆ ಬರಬೇಕು. ವಾಲ್ಪ್ರೊಯೇಟ್ ಹೊರಗೆ ಹೋದಂತೆ ಲ್ಯಾಮೊಟ್ರಿಜಿನ್ ಮಟ್ಟ ಅರ್ಧಕ್ಕಿಳಿಯುತ್ತದೆ, ಆಗ ಡೋಸ್ ಏರಿಸಲು ಮರೆತರೆ ಫಿಟ್ಸ್. ಇನ್ನೊಂದು ತೊಡಕು, ಜೆಎಂಇಯ ಕೆಲವರಲ್ಲಿ ಇದೇ ಕೈ ಎಗರುವುದನ್ನು ಹೆಚ್ಚಿಸುತ್ತದೆ.

ನಿಮ್ಮಲ್ಲಿ ದಾಸ್ತಾನಿದೆ ಎಂದು ಕಾರ್ಬಮಜೆಪಿನ್ ಅಥವಾ ಫೆನಿಟೋಯಿನ್ ಕೊಡಬೇಡಿ. ಜೆಎಂಇಯಲ್ಲಿ ಎಗರು ಜಾಸ್ತಿಯಾಗುತ್ತದೆ. ಫಿನೋಬಾರ್ಬಿಟೋನ್‌ಗೆ ಹೋದರೆ ಬಾಣಲೆಯಿಂದ ಬೆಂಕಿಗಲ್ಲದಿದ್ದರೂ ಬೆಂಕಿಯ ಪಕ್ಕಕ್ಕೆ. ಹುಟ್ಟಂಗಹೀನತೆಯ ಅಂಕಿಗಳನ್ನು ಕೆಳಗೆ ಯಾರಾದರೂ ಹಾಕುತ್ತಾರೆ, ನೋಡಿ.

ಇನ್ನೊಂದು ಸತ್ಯವನ್ನೂ ಮನೆಯವರಿಗೆ ಹೇಳಲೇಬೇಕು. ಈ ಕಾಯಿಲೆಗೆ ವಾಲ್ಪ್ರೊಯೇಟೇ ಹೆಚ್ಚು ಕೆಲಸ ಮಾಡುವ ಮಾತ್ರೆ. ಜನರಲೈಸ್ಡ್ ಎಪಿಲೆಪ್ಸಿಯಲ್ಲಿ (ಮಿದುಳಿನ ಎರಡೂ ಬದಿಯಿಂದ ಒಮ್ಮೆಲೇ ಶುರುವಾಗುವ ಮೂರ್ಛೆರೋಗ, ಜೆಎಂಇ ಅದರಲ್ಲೊಂದು) ಅದನ್ನು ಲೆವೆಟಿರಾಸೆಟಮ್ ಎದುರು ನಿಲ್ಲಿಸಿದ ಬ್ರಿಟನ್ನಿನ ಸನಾಡ್-2 ಪ್ರಯೋಗ (2021) ತೋರಿಸಿದ್ದು ಅದನ್ನೇ. ಬದಲಿಸುತ್ತಿರುವುದು ಮಗುವಿಗಾಗಿ, ಅವಳ ಫಿಟ್ಸಿಗಾಗಿ ಅಲ್ಲ. ಫಿಟ್ಸ್ ಮರಳಬಹುದು ಎಂಬುದು ಮೊದಲೇ ಗೊತ್ತಿದ್ದರೆ ಮಧ್ಯದಲ್ಲಿ ಕೈಬಿಡುವುದಿಲ್ಲ.

ಅಂಕಿಗಂಟು:

ಆಟಿಸಂ ಲೆಕ್ಕ ಇಲ್ಲಿದೆ. ‘ಎರಡು ಪಟ್ಟು, ಐದು ಪಟ್ಟು’ ಎಂದು ಹೇಳದೆ ನೂರಕ್ಕೆ ಎಷ್ಟು ಎಂದು ಹೇಳಿ, ಅದು ಮನೆಯವರಿಗೆ ಅರ್ಥವಾಗುತ್ತದೆ.

ಡೆನ್ಮಾರ್ಕಿನಲ್ಲಿ 1996ರಿಂದ 2006ರವರೆಗೆ ಹುಟ್ಟಿದ 6,55,615 ಮಕ್ಕಳ ದಾಖಲೆ ನೋಡಿದರು (2013ರಲ್ಲಿ ಪ್ರಕಟ). ಎಲ್ಲ ಮಕ್ಕಳಲ್ಲಿ ಆಟಿಸಂ ಸ್ಪೆಕ್ಟ್ರಂ 1.53%, ಗರ್ಭದಲ್ಲಿ ವಾಲ್ಪ್ರೊಯೇಟ್ ತಾಗಿದವರಲ್ಲಿ 4.42%. ಮೂರ್ಛೆರೋಗವಿರುವ ತಾಯಂದಿರನ್ನಷ್ಟೇ ಬೇರೆ ಮಾಡಿ ನೋಡಿದರೆ ಅಂತರ ಕಿರಿದಾಗುತ್ತದೆ: ವಾಲ್ಪ್ರೊಯೇಟ್ ತಿಂದವರ ಮಕ್ಕಳಲ್ಲಿ 4.15%, ತಿನ್ನದವರಲ್ಲಿ 2.44%. ಕಾಯಿಲೆಯ ಪಾಲು ಇದೆ, ಮಾತ್ರೆಯ ಪಾಲೂ ಇದೆ.

2024ರ ಅಮೆರಿಕದ ಅಧ್ಯಯನ ಈ ಗಂಟನ್ನು ಇನ್ನೂ ಚೆನ್ನಾಗಿ ಬಿಡಿಸಿತು. 42 ಲಕ್ಷಕ್ಕೂ ಹೆಚ್ಚು ಬಸುರಿನ ದಾಖಲೆ. ಎಂಟು ವರ್ಷ ತುಂಬುವಷ್ಟರಲ್ಲಿ ಆಟಿಸಂ ಎಂದು ಗುರುತಾದ ಮಕ್ಕಳು: ಒಟ್ಟು ಜನಸಂಖ್ಯೆಯಲ್ಲಿ 1.9%, ತಾಯಿಗೆ ಮೂರ್ಛೆರೋಗವಿದ್ದು ಮಾತ್ರೆಯಿಲ್ಲದವರಲ್ಲಿ 4.2%; ಲ್ಯಾಮೊಟ್ರಿಜಿನ್ 4.1%; ಟೋಪಿರಮೇಟ್ 6.2%, ವಾಲ್ಪ್ರೊಯೇಟ್ 10.5%. ಉಳಿದ ಅಂಶಗಳನ್ನು ಸರಿದೂಗಿಸಿದ ಮೇಲೆ ಟೋಪಿರಮೇಟಿನ ಹೆಚ್ಚುವರಿ ಅಪಾಯ ಕರಗಿಹೋಯಿತು. ವಾಲ್ಪ್ರೊಯೇಟಿನದು ಕರಗಲಿಲ್ಲ, 2.67 ಪಟ್ಟಿನಲ್ಲೇ ನಿಂತಿತು. ಎರಡು ದೇಶದ ಶೇಕಡಾವಾರನ್ನು ಪಕ್ಕಪಕ್ಕ ಇಟ್ಟು ‘ಅಪಾಯ ಹೆಚ್ಚಾಗಿದೆ’ ಅನ್ನಬೇಡಿ. ರೋಗ ಗುರುತಿಸುವ ರೀತಿ ದೇಶಕ್ಕೊಂದು, ಕಾಲಕ್ಕೊಂದು. ಒಂದೇ ಅಧ್ಯಯನದ ಒಳಗಿನ ಅಂತರವನ್ನೇ ನೋಡಬೇಕು.

ಆಟಿಸಂ ಒಂದೇ ಅಲ್ಲ. ಅಮೆರಿಕ-ಬ್ರಿಟನ್ನಿನ ನೀಡ್ ಅಧ್ಯಯನದಲ್ಲಿ (2013) ಆರು ವರ್ಷದ ಮಕ್ಕಳ ಸರಾಸರಿ ಐಕ್ಯೂ ವಾಲ್ಪ್ರೊಯೇಟ್ ಗುಂಪಿನಲ್ಲಿ 97, ಕಾರ್ಬಮಜೆಪಿನ್‌ನಲ್ಲಿ 105, ಲ್ಯಾಮೊಟ್ರಿಜಿನ್ ಮತ್ತು ಫೆನಿಟೋಯಿನ್‌ನಲ್ಲಿ 108. ಡೋಸ್ ಹೆಚ್ಚಿದಷ್ಟೂ ಐಕ್ಯೂ ಕಡಿಮೆ.

ಹುಟ್ಟಂಗಹೀನತೆಗೆ ಯುರಾಪ್ (ಫಿಟ್ಸ್ ಮಾತ್ರೆ ತಿನ್ನುವ ಬಸುರಿಯರ ಅಂತರರಾಷ್ಟ್ರೀಯ) ನೋಂದಣಿಯ 2018ರ ಪಟ್ಟಿ: ವಾಲ್ಪ್ರೊಯೇಟ್ 10.3%, ಫಿನೋಬಾರ್ಬಿಟೋನ್ 6.5, ಫೆನಿಟೋಯಿನ್ 6.4, ಕಾರ್ಬಮಜೆಪಿನ್ 5.5, ಟೋಪಿರಮೇಟ್ 3.9, ಲ್ಯಾಮೊಟ್ರಿಜಿನ್ 2.9, ಲೆವೆಟಿರಾಸೆಟಮ್ 2.8. ವಾಲ್ಪ್ರೊಯೇಟನ್ನೇ ಡೋಸಿನಂತೆ ಒಡೆದರೆ ದಿನಕ್ಕೆ 650 ಮಿ.ಗ್ರಾಂ ಒಳಗೆ 6.3%, ಅಲ್ಲಿಂದ 1450ರವರೆಗೆ 11.3%, ಅದರ ಮೇಲೆ 25.2%. ನಿಮ್ಮ ಹುಡುಗಿ ನಡುವಿನ ಸಾಲಿನಲ್ಲಿದ್ದಾಳೆ. ನಮ್ಮ ಕಡೆಯದೇ ದಾಖಲೆ ಬೇಕೆಂದರೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ 1998ರಲ್ಲಿ ಶುರುವಾದ ಕೇರಳ ನೋಂದಣಿ ಇದೆ.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಒಂದು ಬಲವಾದ ಸುಳಿವು: ವಾಲ್ಪ್ರೊಯೇಟ್ ಹಿಸ್ಟೋನ್ ಡಿಅಸಿಟೈಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಭ್ರೂಣದ ಮಿದುಳಿನಲ್ಲಿ ಯಾವ ಜೀನ್ ಯಾವಾಗ ತೆರೆಯಬೇಕು, ಮುಚ್ಚಬೇಕು ಎಂಬ ವೇಳಾಪಟ್ಟಿಯೇ ಅದರಿಂದ ಏರುಪೇರು. ಆಟಿಸಂ ಸಂಶೋಧನೆಯ ಪ್ರಯೋಗಾಲಯಗಳಲ್ಲಿ ಬಸುರಿ ಇಲಿಗೆ ಹನ್ನೆರಡೂವರೆಯ ದಿನ ವಾಲ್ಪ್ರೊಯೇಟ್ ಚುಚ್ಚಿ ‘ಆಟಿಸಂ ಮಾದರಿ’ ಮರಿಗಳನ್ನು ಪಡೆಯುವುದು ವಾಡಿಕೆ. ಅಷ್ಟು ನಂಬಿಕಸ್ತ ಮಾದರಿ ಅದು!

ಪ್ಯಾರಾಸಿಟಮಾಲ್ ವಿಚಾರ: ಸ್ವೀಡನ್ನಿನ 24.8 ಲಕ್ಷ ಮಕ್ಕಳ ಅಧ್ಯಯನದಲ್ಲಿ (2024) ಮೇಲ್ನೋಟಕ್ಕೆ ಚೂರು ಅಪಾಯ ಕಂಡಿತು. ಅದೇ ತಾಯಿಯ ಇಬ್ಬರು ಮಕ್ಕಳನ್ನು, ಒಬ್ಬರು ಗರ್ಭದಲ್ಲಿದ್ದಾಗ ಮಾತ್ರೆ ತಿಂದದ್ದು, ಇನ್ನೊಬ್ಬರಿಗೆ ತಿನ್ನದ್ದು, ಹೋಲಿಸಿದಾಗ ಅದು ಇಲ್ಲವಾಯಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದವರಿಗೆ ಇದನ್ನೇ ಹೇಳಿ. ಬಸುರಿಗೆ 102 ಡಿಗ್ರಿ ಜ್ವರ ಬಂದಾಗ ಪ್ಯಾರಾಸಿಟಮಾಲ್ ಬೇಡವೆನ್ನುವ ಎಷ್ಟೋ ಮನೆಗಳಲ್ಲಿ ವಾಲ್ಪ್ರೊಯೇಟ್ ಬಗ್ಗೆ ಯಾರೂ ಉಸಿರೆತ್ತದಿರುವುದು ವಿಚಿತ್ರ.

ಮಾತ್ರೆಪಟ್ಟಿ (ಔಷಧ ವಿತರಣೆ):

ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಸೋಡಿಯಂ ವಾಲ್ಪ್ರೊಯೇಟ್, ವಾಲ್ಪ್ರೊಯಿಕ್ ಆ್ಯಸಿಡ್, ಡೈವಾಲ್ಪ್ರೊಯೆಕ್ಸ್ ಮೂರೂ ಹೊಟ್ಟೆಗೆ ಹೋದ ಮೇಲೆ ಒಂದೇ. ಕ್ರೋನೋ 500ರ ಪಟ್ಟಿ ತಿರುಗಿಸಿ ಓದಿದರೆ ‘ಸೋಡಿಯಂ ವಾಲ್ಪ್ರೊಯೇಟ್ 333, ವಾಲ್ಪ್ರೊಯಿಕ್ ಆ್ಯಸಿಡ್ 145’ ಎಂದಿರುತ್ತದೆ. ಅದು ಎರಡು ಔಷಧವಲ್ಲ, 333ರ ಡೋಸೂ ಅಲ್ಲ. ಎರಡೂ ಸೇರಿ 500ಕ್ಕೆ ಸಮ.

ಮೇಲೆ ಹೇಳಿದ 200ರ ಮೆಟ್ಟಿಲು 500ರ ಮಾತ್ರೆಯಿಂದ ಆಗುವುದಿಲ್ಲ. 200 ಮತ್ತು 300ರ ಕ್ರೋನೋ ಬರೆಸಿ: 500+300, 300+300, 200+200, ಕೊನೆಗೆ ರಾತ್ರಿ 200. ಕ್ರೋನೋವನ್ನು ಕುಟ್ಟಿ ಪುಡಿ ಮಾಡಬಾರದು, ಅಗಿಯಬಾರದು. ಹಾಗೆ ಮಾಡಿದರೆ ದಿನವಿಡೀ ಬಿಡಬೇಕಾದ್ದು ಒಮ್ಮೆಲೇ ಬಿಡುತ್ತದೆ. ಇಳಿಸುವ ಪಟ್ಟಿಯನ್ನು ದಿನಾಂಕ ಹಾಕಿ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದುಕೊಡಿ, ಉಳಿದ 500ರ ಪಟ್ಟಿಗಳನ್ನು ವಾಪಸ್ ಇಸಿದುಕೊಳ್ಳಿ. ಮನೆಯಲ್ಲಿ ಮೂರು ಬಣ್ಣದ ಮಾತ್ರೆಗಳಿದ್ದರೆ ಮೂರನೇ ವಾರಕ್ಕೆ ಕಲಸುಮೇಲೋಗರ.

ಲ್ಯಾಮೊಟ್ರಿಜಿನ್ ಐದು ದಿನಕ್ಕಿಂತ ಹೆಚ್ಚು ತಪ್ಪಿಹೋದರೆ ಹಳೆಯ ಡೋಸಿಗೆ ನೇರ ಮರಳಬಾರದು, ಮತ್ತೆ 25ರಿಂದ. ಮದುವೆಯಾದ ಮೇಲೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡಿದರೆ ಲ್ಯಾಮೊಟ್ರಿಜಿನ್ ಮಟ್ಟ ಅರ್ಧದಷ್ಟು ಬೀಳುತ್ತದೆ. ಲೆವೆಗೆ ಆ ತಕರಾರಿಲ್ಲ.

ಫೋಲಿಕ್ ಆ್ಯಸಿಡ್: ಅಂಗನವಾಡಿಯ ಕೆಂಪು ಐಎಫ್‌ಎ ಗುಳಿಗೆಯಲ್ಲಿ ಕಬ್ಬಿಣ 60 ಮಿ.ಗ್ರಾಂ, ಫೋಲಿಕ್ 500 ಮೈಕ್ರೋಗ್ರಾಂ. ಅಂಗಡಿಯ ಸಣ್ಣ ಹಳದಿ ಮಾತ್ರೆಯಲ್ಲಿ 5 ಮಿ.ಗ್ರಾಂ, ಅಂದರೆ ಹತ್ತು ಪಟ್ಟು. ಎರಡನ್ನೂ ‘ಫೋಲಿಕ್’ ಎಂದೇ ಕರೆಯುವುದರಿಂದ ಯಾವುದು ಎಂದು ಮಿ.ಗ್ರಾಂ ಹಾಕಿ ಬರೆಯಿರಿ.

ಪಿಎಚ್‌ಸಿ_ರಾತ್ರಿಪಾಳಿ:

ಎಲ್ಲರಿಗೂ ವಂದನೆ. ಎರಡು ಉಪಪ್ರಶ್ನೆ. ಇದೇ ಮಾತ್ರೆ ತಿನ್ನುವ ಇನ್ನೊಬ್ಬಾಕೆ ಏಳು ವಾರ ಬಸಿರಾಗಿಯೇ ಬಂದರೆ? ಬೈಪೋಲಾರ್‌ಗೆ (ಉನ್ಮಾದ-ಖಿನ್ನತೆ ಮರುಕಳಿಸುವ ಮನೋರೋಗ) ವಾಲ್ಪ್ರೊಯೇಟ್ ತಿನ್ನುವ ಹೆಣ್ಣುಮಕ್ಕಳಿಗೂ ಇದೇ ದಾರಿಯೇ? ಮತ್ತೆ ಫೋಲಿಕ್ 5 ಮಿ.ಗ್ರಾಂ ಬೇಕೇ ಬೇಕೇ?

ಇಇಜಿ_ಕಾಗದ:

ಏಳು ವಾರ ಅಂದರೆ ಕೊನೆಯ ಮುಟ್ಟಿನಿಂದ ಲೆಕ್ಕ. ನರನಳಿಕೆ (ಮುಂದೆ ಮಿದುಳು, ಬೆನ್ನುಹುರಿ ಆಗುವ ಭಾಗ) ಗರ್ಭ ನಿಂತ 28ನೇ ದಿನಕ್ಕೆ, ಅಂದರೆ ಆರನೇ ವಾರಕ್ಕೇ ಮುಚ್ಚಿಕೊಂಡಿರುತ್ತದೆ. ಬೆನ್ನುಹುರಿಯ ಅಪಾಯದ ಗಳಿಗೆ ಕಳೆದಿದೆ, ಗಾಬರಿಯಲ್ಲಿ ನಿಲ್ಲಿಸಿದರೂ ಅದು ಹಿಂದಕ್ಕೆ ಬರುವುದಿಲ್ಲ. ಹಾಗೆಂದು ‘ಆಗಿದ್ದು ಆಗಿಹೋಯಿತು’ ಎಂದು ಬಿಡುವಂತೆಯೂ ಇಲ್ಲ. ಮೇಲಿನ ಅಮೆರಿಕದ ಅಧ್ಯಯನ ಎಣಿಸಿದ್ದು ಬಸುರಿನ 19ನೇ ವಾರದಿಂದ ಆಚೆಗೆ ತಿಂದ ಮಾತ್ರೆಯನ್ನು. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ. ಆದ್ದರಿಂದ ಅದೇ ವಾರ ನರತಜ್ಞರ ಬಳಿಗೆ ಕಳಿಸಿ. ಫಿಟ್ಸ್ ಕೈಮೀರದಷ್ಟಕ್ಕೆ ಡೋಸ್ ಎಷ್ಟು ಇಳಿಸಬಹುದು, ಎರಡು ಮೂರು ಹೊತ್ತಿಗೆ ಹಂಚಬಹುದೇ, ಇನ್ನೊಂದು ಮಾತ್ರೆಗೆ ಹೋಗಬಹುದೇ ಎಂಬುದು ಅಲ್ಲಿ ತೀರ್ಮಾನವಾಗಲಿ. 18ರಿಂದ 20ನೇ ವಾರದೊಳಗೆ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗದೋಷ ಹುಡುಕುವ ಸ್ಕ್ಯಾನ್) ತಪ್ಪಿಸಬೇಡಿ. ಚೀಟಿಯಲ್ಲಿ ‘ವಾಲ್ಪ್ರೊಯೇಟ್, ದಿನಕ್ಕೆ ಇಷ್ಟು’ ಎಂದು ಬರೆದರೆ ಸ್ಕ್ಯಾನ್ ಮಾಡುವವರು ಬೆನ್ನುಮೂಳೆ, ಹೃದಯ, ತುಟಿ-ಅಂಗುಳವನ್ನು ಹುಡುಕಿ ನೋಡುತ್ತಾರೆ.

ಫೋಲಿಕ್‌ಗೆ 5 ಮಿ.ಗ್ರಾಂ ನಮ್ಮಲ್ಲಿ ರೂಢಿ. 2024ರ ಅಮೆರಿಕದ ಮಾರ್ಗಸೂಚಿ ಕೇಳುವುದು ಕನಿಷ್ಠ 0.4 ಮಿ.ಗ್ರಾಂ ಮಾತ್ರ. ನೀಡ್ ಅಧ್ಯಯನದಲ್ಲಿ ಗರ್ಭಕ್ಕೆ ಮೊದಲೇ ಫೋಲಿಕ್ ತೆಗೆದುಕೊಂಡ ತಾಯಂದಿರ ಮಕ್ಕಳ ಐಕ್ಯೂ ಸರಾಸರಿ 108, ಇಲ್ಲದವರದು 101. ಡೋಸಿಗಿಂತ ಶುರು ಮಾಡುವ ಹೊತ್ತು ಮುಖ್ಯ: ಮುಟ್ಟು ತಪ್ಪಿದ ಮೇಲೆ ಶುರು ಮಾಡಿದ ಫೋಲಿಕ್, ಮದುವೆಯ ಮೇಳ ಮುಗಿದ ಮೇಲೆ ಬಂದ ಓಲಗದವರ ಹಾಗೆ. ಫೋಲಿಕ್ ತಿನ್ನುತ್ತಿದ್ದೇವಲ್ಲ ಎಂದು ವಾಲ್ಪ್ರೊಯೇಟ್ ಮುಂದುವರಿಸಲು ಅದು ಪರವಾನಗಿಯಲ್ಲ.

ಬದಲಿಸಿಕೊಂಡ ಹುಡುಗಿ ಬಸಿರಾದರೆ ಕಣ್ಣಿಡಬೇಕಾದ್ದು ಬೇರೆ. ಬಸುರಿನಲ್ಲಿ ಲ್ಯಾಮೊಟ್ರಿಜಿನ್ ಮಟ್ಟ ಅರ್ಧಕ್ಕಿಂತ ಕೆಳಗೆ ಬೀಳಬಹುದು, ಲೆವೆ ಮೂರನೇ ಒಂದು ಪಾಲಿಗಿಂತ ಹೆಚ್ಚು. ಬಸುರಿಗೆ ಮೊದಲೇ ಒಮ್ಮೆ ರಕ್ತಮಟ್ಟ ನೋಡಿಟ್ಟುಕೊಂಡರೆ ಆಮೇಲೆ ಹೋಲಿಸಬಹುದು. ಹೆರಿಗೆಯಾದ ಎರಡು ಮೂರು ವಾರದೊಳಗೆ ಏರಿಸಿದ್ದನ್ನು ಇಳಿಸಬೇಕು. ಮರೆತರೆ ತಲೆಸುತ್ತು, ಎರಡೆರಡು ಕಾಣುವುದು. ಬಾಣಂತಿಗೆ ನಿದ್ದೆ ಕೆಟ್ಟದ್ದೆಂದೇ ಎಲ್ಲರೂ ಅಂದುಕೊಳ್ಳುತ್ತಾರೆ.

ಎದೆಹಾಲು ಕೊಡಬಹುದು. ರಾತ್ರಿಯ ಒಂದು ಹಾಲೂಟವನ್ನು ಹಿಂಡಿಟ್ಟ ಹಾಲಿನಿಂದ ಅಜ್ಜಿಯೋ ಗಂಡನೋ ಕೊಟ್ಟು, ಅವಳಿಗೆ ಐದಾರು ಗಂಟೆ ಒಂದೇ ಪಟ್ಟು ನಿದ್ದೆ ಸಿಗುವಂತೆ ಮಾಡಿ. ಮಗುವಿನ ಬಟ್ಟೆ ಬದಲಿಸುವುದು ನೆಲದ ಚಾಪೆಯ ಮೇಲೆ. ಸ್ನಾನ ಇನ್ನೊಬ್ಬರಿರುವಾಗ ಮಾತ್ರ.

ಮದುವೆಯ ಬಗ್ಗೆಯೂ ಒಂದು ಮಾತು. ಬೆಳಗಿನ ಜಾವದ ಮುಹೂರ್ತ, ಹಿಂದಿನ ರಾತ್ರಿ ಮೆಹಂದಿ, ಉಪವಾಸ, ನಡುವೆ ತಪ್ಪಿದ ಮಾತ್ರೆ. ಜೆಎಂಇಗೆ ಇದಕ್ಕಿಂತ ಹೇಳಿ ಮಾಡಿಸಿದ ದಿನ ಇಲ್ಲ. ಹಗಲಿನ ಮುಹೂರ್ತ ಕೇಳಲಿ, ಮಾತ್ರೆ ವಧುವಿನ ಜೊತೆಗಿರುವ ಒಬ್ಬರ ಕೈಲಿರಲಿ. ಗಂಡಿನ ಕಡೆಯವರಿಗೆ ಮುಚ್ಚಿಟ್ಟರೆ ಅತ್ತೆಮನೆಯಲ್ಲಿ ಕದ್ದು ನುಂಗುವ ಮಾತ್ರೆ ಮೊದಲು ತಪ್ಪುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂದಿದ್ದುದನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಹಿರಿಯರಿಗೆ ಇದು ಗೊತ್ತಿರುವುದಿಲ್ಲ, ತಿಳಿಸಿ.

ಹಗಲು_ಮನೋವೈದ್ಯೆ:

ಬೈಪೋಲಾರ್‌ನಲ್ಲಿ ಲೆಕ್ಕ ಇನ್ನೂ ಸರಳ. ಜೆಎಂಇಯಲ್ಲಿ ವಾಲ್ಪ್ರೊಯೇಟ್ ಬಿಟ್ಟರೆ ಏನೋ ಕಳೆದುಕೊಳ್ಳುತ್ತೇವೆ. ಬೈಪೋಲಾರ್‌ನಲ್ಲಿ ಮರುಕಳಿಕೆ ತಡೆಯಲು ಲಿಥಿಯಂ ಅದಕ್ಕಿಂತ ಮೇಲು ಎಂದು ಬ್ಯಾಲೆನ್ಸ್ ಪ್ರಯೋಗ 2010ರಲ್ಲೇ ತೋರಿಸಿದೆ. ಇಪ್ಪತ್ತರ ಹೆಣ್ಣುಮಕ್ಕಳಿಗೆ ರಕ್ತಪರೀಕ್ಷೆಯ ರಗಳೆ ಬೇಡವೆಂದು ವಾಲ್ಪ್ರೊಯೇಟ್ ಬರೆಯುವುದು ನಮ್ಮ ಕಡೆಯ ಸೋಮಾರಿತನ, ಇದನ್ನು ಒಪ್ಪಿಕೊಳ್ಳಬೇಕು. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ 55 ವರ್ಷದೊಳಗಿನ ಯಾರಿಗೂ, ಗಂಡಸರಿಗೂ, ಇಬ್ಬರು ತಜ್ಞರು ಒಪ್ಪದೆ ಇದನ್ನು ಹೊಸದಾಗಿ ಶುರು ಮಾಡುವಂತಿಲ್ಲ. (ತಂದೆ ತಿಂದರೆ ಮಗುವಿಗೆ ತೊಂದರೆಯೇ ಎಂಬ ವಿಷಯದಲ್ಲಿ ಪುರಾವೆ ಇನ್ನೂ ಎರಡು ದಿಕ್ಕಿಗೆ ಎಳೆಯುತ್ತಿದೆ. ಅದನ್ನು ಹೆಂಗಸರ ಅಪಾಯದ ಜೊತೆ ಸಮ ಮಾಡಬೇಡಿ.)

ಲಿಥಿಯಂಗೂ ಬೆಲೆಯಿದೆ. 2017ರ ಅಮೆರಿಕದ ಅಧ್ಯಯನದಲ್ಲಿ ಮೊದಲ ಮೂರು ತಿಂಗಳು ಲಿಥಿಯಂ ತಿಂದವರ ಮಕ್ಕಳಲ್ಲಿ ಹೃದಯದ ದೋಷ ನೂರಕ್ಕೆ 2.41, ತಿನ್ನದವರಲ್ಲಿ 1.15. ಅಪಾಯ ಏರುವುದು ದಿನಕ್ಕೆ 900 ಮಿ.ಗ್ರಾಂ ಮೀರಿದಾಗ, 600ರೊಳಗೆ ಹೆಚ್ಚುಕಡಿಮೆ ಇಲ್ಲ. ರಕ್ತದಲ್ಲಿ ಲಿಥಿಯಂ ಮಟ್ಟ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಬೇಕು. ರಕ್ತ ತೆಗೆಯುವುದು ಕೊನೆಯ ಮಾತ್ರೆ ನುಂಗಿದ 12 ಗಂಟೆಗೆ ಸರಿಯಾಗಿ. ಬೆಳಗಿನ ಮಾತ್ರೆ ನುಂಗಿ ಬಂದವಳ ರಕ್ತ ತೆಗೆದರೆ ಆ ಅಂಕಿಗೆ ಅರ್ಥವಿಲ್ಲ. ಶುರು ಮಾಡುವ ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ), ಟಿಎಸ್‌ಎಚ್ (ಥೈರಾಯ್ಡ್‌ಗೆ), ಕ್ಯಾಲ್ಸಿಯಂ ಪರೀಕ್ಷೆ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಮಟ್ಟ ಏರುತ್ತದೆ. ವಾಂತಿಭೇದಿಯಾದ ದಿನ ಫೋನ್ ಮಾಡಲು ಹೇಳಿ. ನೀರು ಕಳೆದುಕೊಂಡಾಗಲೇ ವಿಷವೇರುವುದು.

ಲಿಥಿಯಂ ಹೊಂದದಿದ್ದರೆ ಕ್ವೆಟಿಯಾಪಿನ್, ಖಿನ್ನತೆಯೇ ಹೆಚ್ಚಿರುವವರಿಗೆ ಲ್ಯಾಮೊಟ್ರಿಜಿನ್. ಹೆರಿಗೆಯ ನಂತರದ ಮೊದಲ ವಾರಗಳು ಮರುಕಳಿಕೆಗೆ ಅತಿ ಕೆಟ್ಟ ಹೊತ್ತು, ತವರಿನಲ್ಲಿ ಅವಳ ನಿದ್ದೆ ಗಮನಿಸುವ ಒಬ್ಬರು ಗೊತ್ತಾಗಿರಲಿ. ಕೆಟ್ಟರೆ ನಿಮ್ಹಾನ್ಸ್‌ನಲ್ಲಿ ಮಗುವಿನ ಸಮೇತ ತಾಯಿಯನ್ನು ಸೇರಿಸಿಕೊಳ್ಳುವ ಘಟಕ ಇದೆ. ನಡುರಾತ್ರಿ ಸಲಹೆಗೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಡಿಇಐಸಿ_ಎರಡನೇಮಹಡಿ:

ಮಗು ಹುಟ್ಟಿಯಾಗಿದ್ದರೆ ಏನು ಎಂಬುದನ್ನು ಯಾರೂ ಬರೆಯಲಿಲ್ಲ. ವಾಲ್ಪ್ರೊಯೇಟ್ ತಾಗಿದ ಮಗುವಿನ ತಾಯಿ ಕಾರ್ಡಿನ ಮುಖಪುಟದಲ್ಲೇ ಅದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ, ಇಲ್ಲವಾದರೆ ಎರಡು ವರ್ಷದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. 18 ಮತ್ತು 24 ತಿಂಗಳಿಗೆ ಆಟಿಸಂ ಸುಳಿವು ಹುಡುಕುವ ಎಂ-ಚಾಟ್ ಪ್ರಶ್ನಾವಳಿ ಮಾಡಿ: 20 ಪ್ರಶ್ನೆ, 16ರಿಂದ 30 ತಿಂಗಳ ಮಕ್ಕಳಿಗೆ. ಅಂಕ 0-2 ಆದರೆ ಸದ್ಯಕ್ಕೆ ಸರಿ. 3-7 ಆದರೆ ಎರಡನೇ ಸುತ್ತಿನ ಪ್ರಶ್ನೆಗಳನ್ನು ಕೇಳಲೇಬೇಕು, ಇದನ್ನೇ ಬಹಳ ಕಡೆ ಬಿಟ್ಟುಬಿಡುತ್ತಾರೆ. 8 ಮತ್ತು ಮೇಲೆ ಆದರೆ ನೇರ ಜಿಲ್ಲಾ ಶೀಘ್ರ ಪತ್ತೆ ಕೇಂದ್ರಕ್ಕೆ (ಡಿಇಐಸಿ). 2, 5 ಮತ್ತು 12ನೇ ಪ್ರಶ್ನೆಗೆ ‘ಹೌದು’ ಎಂದರೆ ಅಂಕ, ಉಳಿದವಕ್ಕೆ ‘ಇಲ್ಲ’ ಎಂದರೆ ಅಂಕ. ತಿರುವುಮುರುವು ಮಾಡಿ ಎಣಿಸಿದ ಹಾಳೆಗಳು ವಾರಕ್ಕೆ ಒಂದಾದರೂ ಮೇಲೆ ಬರುತ್ತವೆ.

ಅಂಕ ಎಷ್ಟೇ ಇರಲಿ, ಒಂದೂವರೆ ವರ್ಷಕ್ಕೆ ಬೆರಳು ತೋರಿಸಿ ‘ಅದು ನೋಡು’ ಎನ್ನದ, ಹೆಸರು ಕೂಗಿದರೆ ತಿರುಗದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಮಾಡಿಸಿ ಕಳಿಸಿ. ಮಾತಿನ ತರಬೇತಿಗೆ ರೋಗದ ಹೆಸರು ಅಂತಿಮವಾಗುವವರೆಗೆ ಕಾಯುವುದು ಬೇಡ. ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ಚೀಟಿ ಇದ್ದರೆ ಅದೇ ವಾರ ಶುರು ಮಾಡಬಹುದು.